ಹಡಗಜ್ಜಿಯ ಸಾಲು

ಟೈಮ್ ಆಫೀಸಿನ ಮೇಜಿನ ಮೇಲೆ ಹೆಲ್ಮೆಟ್ ಕುಕ್ಕಿ ರಾಫೆಲ್ ಹೇಳಿದ: "ಅಂವ ನನ್ನ ಅಕ್ಕನ ಗಂಡ ಅದಾನ್ರೀ. ಇನ್ನ ಎಷ್ಟ ಸಲ ಹೇಳ್ಲಿ?"

ಗೇಬ್ರಿಯಲ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಉಡುಪಿ ಕಡೆಯ ಈ ಟೈಮ್‌ಕೀಪರ್ ಕೆಟ್ಟ ಮನುಷ್ಯನೇನಲ್ಲ. ಕ್ರಿಸ್ಮಸ್ಸಿಗೆ ಕೇಕಿನ ತುಂಡು ತಂದುಕೊಡುತ್ತಾನೆ. ಆದರೆ ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಯ ಗೇಟಿನೊಳಗೆ ಬಂದ ಮೇಲೆ ಅವನೂ ಗೇಟಿನ ಒಂದು ಕಂಬಿಯೇ.

"ಕೂಗ್ಬೇಡ ಮಾರಾಯ, ಒಳಗೆ ಬಾಸ್ ಇದ್ದಾರೆ. ನೋಡು, ನಿನ್ನ ಹೆಸರು ರಾಫೆಲ್. ತೀರಿಹೋದವ ಇಸ್ಮಾಯಿಲ್. ನಾನು ರಜೆಗೆ ಫ್ಯಾಮಿಲಿ ಅಂತ ಹಾಕಿದ್ರೆ ನಾಳೆ ನನ್ನನ್ನೇ ಕೇಳ್ತಾರೆ, ಇದು ಯಾವ ನಮೂನೆ ಫ್ಯಾಮಿಲಿ ಅಂತ. ಆಗ ಎಂಥ ಹೇಳ್ಲಿ?"

"ಸಿದ್ದಿ ಅಂತ ಹೇಳ್ರಿ."

"ಸಿದ್ದಿ ಅಂತ ಆಪ್ಶನ್ ಇಲ್ಲ."

ಗೋಡೆಯ ಗಡಿಯಾರ ಮಧ್ಯಾಹ್ನ ದಾಟುತ್ತಿತ್ತು. ಇಳಿಹೊತ್ತಿನ ಅಸರ್ ನಮಾಜ್ ಮುಗಿದ ಕೂಡಲೇ ದೋಹಾದ ಅಬು ಹಮೂರ್ ಖಬರಸ್ತಾನದಲ್ಲಿ ಮಣ್ಣು ಮಾಡುತ್ತಾರೆ. ಇಲ್ಲಿಂದ ಅಲ್ಲಿಗೆ ದಾರಿ ಉದ್ದ. ಅದಕ್ಕಿಂತ ಉದ್ದ ಈ ಮೇಜು.

"ಅಲ್ರೀ, ಅಂವಗ ಈ ದೇಶದಾಗ ನಾ ಒಬ್ಬಾಂವ ಇರಾಂವ. ನಾ ಹೋಗಲಿಲ್ಲಂದ್ರ ಅಂವ ಮನಿಗೆ ಹೋಗಾಂಗಿಲ್ಲ."

ಸತ್ತವನು ಮನೆಗೆ ಹೋಗುವುದು ಏನು ಎಂದು ಗೇಬ್ರಿಯಲ್ ಕೇಳಲಿಲ್ಲ. ಬಹುಶಃ ರಾಫೆಲನ ಮುಖದಲ್ಲಿ ಏನೋ ಕಂಡಿರಬೇಕು. ಸುತ್ತ ನೋಡಿ ದನಿ ತಗ್ಗಿಸಿದ. "ಹೊಟ್ಟೆನೋವು ಅಂತ ಹಾಕ್ತೇನೆ. ಹೊಟ್ಟೆನೋವಿಗೆ ಆಪ್ಶನ್ ಉಂಟು."

ಆದರೆ ಹೊಟ್ಟೆನೋವಿನವನು ಗೇಟು ದಾಟಬೇಕಾದರೆ ಮೊದಲು ಕ್ಲಿನಿಕ್ಕಿನಲ್ಲಿ ಮುಖ ತೋರಿಸಬೇಕು. ಅಲ್ಲಿ ಮರದ ಬೆಂಚಿನ ಮೇಲೆ ಸಾಲು ಕೂತಿತ್ತು. ಕಣ್ಣಿಗೆ ಕಬ್ಬಿಣದ ಚೂರು ಬಿದ್ದವರು, ಬಿಸಿಲಿಗೆ ವಾಂತಿಯಾದವರು. ರಾಫೆಲ್ ಹೊಟ್ಟೆ ಹಿಡಿದುಕೊಂಡು ಕೂತ. ನಿಜವಾದ ದುಃಖವನ್ನು ಮುಚ್ಚಿಟ್ಟು ಸುಳ್ಳು ನೋವನ್ನು ನಟಿಸುತ್ತ ಕೂತ. ಸರದಿ ಬಂದಾಗ ನರ್ಸ್ ಕೊಟ್ಟ ಮಾತ್ರೆಯನ್ನು ಅವಳ ಎದುರಿಗೇ ನುಂಗಿದ. ಹೊರಗೆ ಬರುವಷ್ಟರಲ್ಲಿ ನೆರಳು ಉದ್ದವಾಗಿತ್ತು. ಅಂಗಿಯ ಗುಂಡಿ ಬಿಚ್ಚಿ, ಕೊರಳಿನ ಶಿಲುಬೆಯನ್ನು ಒಳಗೆ ತಳ್ಳುತ್ತ ಅವನು ಟ್ಯಾಕ್ಸಿಯ ಕಡೆ ಓಡಿದ.

*

ಇಸ್ಮಾಯಿಲ್ ಸತ್ತದ್ದು ಸ್ಕ್ಯಾಫೋಲ್ಡಿಂಗಿನ ಮೇಲೆ, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ. ಬೆಳಗ್ಗೆಯಿಂದ ಗಾಳಿ ಒದ್ದೆ ಕಂಬಳಿಯ ಹಾಗೆ ಮೈಗೆ ಸುತ್ತಿಕೊಂಡಿತ್ತು. ಬೆಲ್ಟ್ ಹಾಕಿದ್ದರಿಂದ ಕೆಳಗೆ ಬೀಳಲಿಲ್ಲ, ಪೈಪಿಗೆ ಜೋತುಬಿದ್ದ. ಕೊಂಬೆಗೆ ಜೋತ ಬಾವಲಿಯ ಹಾಗೆ ಎಂದು ಕೆಳಗಿದ್ದವನೊಬ್ಬ ಆಮೇಲೆ ಹೇಳಿದ. 'ಸಹಜ ಸಾವು' ಎಂದು ಬರೆದರು. ಆ ಬಿಸಿಲಿಗೆ, ಆ ಬೆವರಿಗೆ, ಆ ಎತ್ತರಕ್ಕೆ ಸಹಜ ಎಂದು ಹೆಸರಿಟ್ಟವನು ಏಸಿ ಕೋಣೆಯಲ್ಲಿ ಕೂತಿದ್ದ.

ಕ್ಯಾಂಪಿನಲ್ಲಿ ಎಲ್ಲರೂ ಇಸ್ಮಾಯಿಲನನ್ನು 'ಸುಡಾನಿ' ಎನ್ನುತ್ತಿದ್ದರು. ಮಸಿಯಂಥ ಬಣ್ಣ, ಸುರುಳಿ ಕೂದಲು, ಅಗಲ ಮೂಗು. ಇಂಡಿಯಾದವನು ಎಂದರೆ ಇಂಡಿಯಾದವರೇ ನಗುತ್ತಿದ್ದರು. ಸತ್ತ ದಿನ ಕಂಪನಿಯ ಡ್ರೈವರ್ ಆಸ್ಪತ್ರೆಯಲ್ಲೂ ಸುಡಾನಿ ಎಂದೇ ಹೇಳಿಬಂದ. ಅದನ್ನು ತಿದ್ದಿಸಲು ವಾರಗಳು ಹಿಡಿದವು. ಅಷ್ಟೂ ದಿನ ಹಳಿಯಾಳದ ಕಾಡಂಚಿನ ಇಸ್ಮಾಯಿಲ್ ಸಿದ್ದಿ ದೇಶವಿಲ್ಲದವನಾಗಿ ಶವಾಗಾರದ ಡಬ್ಬಿಯೊಳಗೆ ಮಲಗಿದ್ದ.

ಊರಿಗೆ ಕಳಿಸಬೇಕೆಂದರೆ ಇನ್ನೂ ಕಾಯಬೇಕು ಎಂದರು. ರಾಫೆಲ್ ಅಕ್ಕನಿಗೆ ಫೋನ್ ಮಾಡಿದ. ರೋಜಿನ್ ಅಳಲಿಲ್ಲ. ಪರದೆಯ ತುಂಬ ಅವಳ ಹಣೆ ಮಾತ್ರ ಕಾಣುತ್ತಿತ್ತು.

"ಅವ್ರನ್ನ ಇನ್ನ ಆ ಫ್ರಿಜ್‌ನ್ಯಾಗ ಇಡಬ್ಯಾಡ್ರೋ ತಮ್ಮಾ. ಅವ್ರಿಗೆ ಥಂಡಿ ತಡ್ಯಾಂಗಿಲ್ಲ. ಚಳಿಗಾಲದಾಗ ನನ್ನ ಸೀರಿ ಹೊಚ್ಕೊಂಡ ಮಲಗತಿದ್ರು."

"ಮತ್ತ ಏನ ಮಾಡೂಣು ಅಕ್ಕಾ?"

"ಅಲ್ಲೇ ಮಣ್ಣ ಮಾಡ್ರಿ. ಆದ್ರ ನೀನ ಕರೀಬೇಕು ನೋಡು. ಯಾರ್ಯಾರೋ ಮಣ್ಣ ಹಾಕಿ ಕೈ ಝಾಡ್ಸಿ ಹೋದ್ರ ನಡ್ಯಾಂಗಿಲ್ಲ. ನೀ ಕರೀಲಿಲ್ಲಂದ್ರ ಅವ್ರು ಅಂಗಳದಾಗ ಕುಂತ ಬಿಡ್ತಾರ. ಒಳಗ ಬರಾಂಗಿಲ್ಲ. ನಾ ದಿನಾ ಬಾಗಲಾ ತೆಗೀಬೇಕಲ್ಲೋ..."

ಹಣೆ ಪರದೆಯಿಂದ ಜಾರಿತು. ಮೂಲೆಯ ಮಣ್ಣಿನ ಜಗುಲಿ, ಅದರ ಮೇಲಿನ ತೆಂಗಿನಕಾಯಿಗಳ ಸಾಲು ಕಂಡವು.

ಆ ಸಾಲು ಅವರ ಹಿರಿಯರದು. ಸತ್ತವರಿಗೆ ಒಬ್ಬೊಬ್ಬರಿಗೂ ಒಂದೊಂದು ಕಾಯಿ. ಗೋರಿಯ ತಲೆದೆಸೆಯಿಂದ ಹತ್ತಿರದ ನೆಂಟನೊಬ್ಬ ಒಂದು ಮುಷ್ಟಿ ಮಣ್ಣು ತೆಗೆದು, ಹೆಸರು ಹಿಡಿದು ಕರೆಯಬೇಕು. ಕರೆದ ಮೇಲೆ ತಿರುಗಿ ನೋಡಬಾರದು. ಬಟ್ಟೆಯಲ್ಲಿ ಕಟ್ಟುವ ತನಕ ಮುಷ್ಟಿ ಬಿಚ್ಚಬಾರದು; ಬಿಚ್ಚಿದರೆ ಹಿಂದೆ ಬರುತ್ತಿರುವವನು ದಾರಿಯಲ್ಲೇ ನಿಂತುಬಿಡುತ್ತಾನೆ. ಆ ಮಣ್ಣಿನ ಗಂಟಿನ ಮೇಲೆ ಕಾಯಿ ಕೂರುತ್ತದೆ. ಹಬ್ಬಕ್ಕೆ ಮೊದಲ ತುತ್ತು ಸಾಲಿಗೆ.

ಸಾಲಿನಲ್ಲಿ ಆಯಿಷಮ್ಮ ಇದ್ದಳು, ಇನಾಸಜ್ಜ ಇದ್ದ. ಒಬ್ಬಳು ದರ್ಗಾದ ಬಳಿಯ ಕೇರಿಯವಳು, ಇನ್ನೊಬ್ಬ ಇಗರ್ಜಿಯ ಬಳಿಯ ಕೇರಿಯವನು. ಗೋವೆಯಲ್ಲಿ ಒಡೆಯರ ಚಾವಟಿಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದ ಇಬ್ಬರು ಅಣ್ಣತಮ್ಮಂದಿರು ಕಾಡಿನ ಕತ್ತಲಲ್ಲಿ ಕೈತಪ್ಪಿದರಂತೆ. ಒಬ್ಬನಿಗೆ ದರ್ಗಾದವರು ಗಂಜಿ ಕೊಟ್ಟರು, ಮತ್ತೊಬ್ಬನಿಗೆ ಪಾದ್ರಿಗಳು. ಗಂಜಿ ಕೊಟ್ಟವರ ದೇವರು ಅವರವರ ದೇವರಾದ. ಎಷ್ಟೋ ತಲೆಮಾರು ಕಳೆದ ಮೇಲೆ ಎರಡು ಕೇರಿಯ ಡಮಾಮಿ ನಗಾರಿಯ ಬಡಿತ ಒಂದೇ ಎಂದು ಗೊತ್ತಾಗಿ, ಹೆಣ್ಣು ಕೊಟ್ಟು ತರುವುದು ಶುರುವಾಯಿತು. ರೋಜಿನಳನ್ನು ಇಸ್ಮಾಯಿಲನಿಗೆ ಕೊಟ್ಟಾಗ ಜಮಾತಿನವರು ಮುಖ ತಿರುಗಿಸಿದರು, ಇಗರ್ಜಿಯವರೂ ಮುಖ ತಿರುಗಿಸಿದರು. ಇಸ್ಮಾಯಿಲನ ತಾಯಿ ಡಮಾಮಿಯನ್ನು ತಾನೇ ಕಾಲ ಸಂದಿಗೆ ಇಟ್ಟುಕೊಂಡು ಬಡಿಯಲು ಕೂತಳು. ಬೆಳಗಿನ ತನಕ ಬಡಿದಳು. ಮದುವೆ ಆಯಿತು.

ಸಾಲಿನ ಮೊದಲ ಕಾಯಿಗೆ ಹೆಸರಿಲ್ಲ. ಹಡಗಜ್ಜಿ ಎನ್ನುತ್ತಾರೆ, ಅಷ್ಟೇ. ಹಡಗಿನಲ್ಲಿ ಬಂದವಳು. ಎಲ್ಲಿಂದ ಹಿಡಿದು ತಂದರೋ, ಯಾವ ತಾಯಿಯ ಮಗಳೋ, ಯಾರಿಗೂ ಗೊತ್ತಿಲ್ಲ. ಅವಳ ಕಾಯಿಯ ಕೆಳಗೆ ಮಣ್ಣೂ ಇಲ್ಲ.

*

ಟ್ಯಾಕ್ಸಿ ಅಲ್ ಖೋರ್ ದಾಟುವಾಗ ಡ್ರೈವರ್ ಕನ್ನಡಿಯಲ್ಲಿ ನೋಡಿ ಕೇಳಿದ: "ಸುಡಾನಿ?"

"ಇಂಡಿಯಾ."

ಡ್ರೈವರ್ ನಕ್ಕ. ಒಳ್ಳೆಯ ಜೋಕು ಕೇಳಿದವನ ಹಾಗೆ ಸ್ಟೀರಿಂಗಿಗೆ ಬಡಿದು ನಕ್ಕ. ರಾಫೆಲನಿಗೆ ಸಿಟ್ಟೂ ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು.

ಅಬ್ಬಾಸ್ ಸಾಹೇಬರ ಫೋನ್ ಬಂತು. ಮಂಗಳೂರು ಕಡೆಯ ಮುದುಕರು. ದೋಹಾ ಪಕ್ಕದ ಮುಐದರಿನಲ್ಲಿ ಕಿರಾಣಿ ಅಂಗಡಿ. ಹಿಂದುಮುಂದಿಲ್ಲದ ಕೂಲಿಗಳು ಸತ್ತರೆ ಮಣ್ಣು ಮಾಡಿಸುವ ಕೆಲಸವನ್ನು ಯಾರೂ ಹೇಳದೆ ಹೊತ್ತುಕೊಂಡವರು.

"ಎಲ್ಲಿದ್ದಿ ಮಾರಾಯ?"

"ಬರಾಕತ್ತೇನ್ರೀ ಸಾಹೇಬ್ರ. ಗೇಟ್‌ನ್ಯಾಗ ಬಿಡ್ಲಿಲ್ಲ. ಸ್ವಲ್ಪ ತಡಕೊಳ್ರಿ."

"ಅದು ನನ್ನ ಕೈಯಲ್ಲಿ ಉಂಟಾ? ಇವತ್ತು ಮಯ್ಯತ್ ಬೇರೆ ಸುಮಾರು ಉಂಟು, ಸತ್ತವರಿಗೆಲ್ಲ ಒಟ್ಟಿಗೇ ನಮಾಜ್ ಆಗ್ತದೆ. ಇಮಾಮರು ನಿನಗೆ ಅಂತ ಕಾಯುದಿಲ್ಲ." ಆಮೇಲೆ ನೆನಪಾಗಿ, "ಕೊರಳಿಂದು ಒಳಗೆ ಹಾಕಿದ್ದಿಯಲ್ಲ? ನನಗೆ ಏನೂ ಇಲ್ಲ. ನೋಡುವವರ ಬಾಯಿಗೆ ಯಾಕೆ? ಗೇಟಿನ ಹತ್ರ ನಿಲ್ಲು, ನಮ್ಮ ಅಂಗಡಿಯ ನಿಯಾಝ್ ಕರ್ಕೊಂಡು ಬರ್ತಾನೆ."

"ಸಾಹೇಬ್ರ, ತಲಿ ಹತ್ರ ಮಣ್ಣ ನಾನ ತಗೀಬೇಕ್ರೀ."

"ಬಾ ಮಾರಾಯ ಮೊದಲು. ಫೋನ್ ಇಡ್ತೇನೆ, ಸಾಲು ನಿಂತಾಯ್ತು."

ರಾಫೆಲ್ ಜೇಬು ಮುಟ್ಟಿ ನೋಡಿಕೊಂಡ. ಇಸ್ಮಾಯಿಲ್ ಬಿಸಿಲಿಗೆ ತಲೆಗೆ ಸುತ್ತುತ್ತಿದ್ದ ಕೆಂಪು ಚೌಕಡಿಯ ಪಂಚೆಯ ಒಂದು ತುಂಡು, ಮಣ್ಣು ಕಟ್ಟಲು ಮಡಿಚಿದ್ದು, ಅಲ್ಲೇ ಇತ್ತು. ಇನ್ನೂ ಅವನ ಬೆವರಿನ ವಾಸನೆ ಬರುತ್ತಿತ್ತು.

*

ಹಿಂದೊಂದು ಶುಕ್ರವಾರ ಇಬ್ಬರೂ ಹಳೇ ದೋಹಾದ ಮ್ಯೂಸಿಯಂ ಒಂದಕ್ಕೆ ನುಗ್ಗಿದ್ದರು. ಇತಿಹಾಸದ ಆಸೆಗಲ್ಲ, ತಂಪಿಗೆ. ಒಳಗೆ ಗೋಡೆಯ ಮೇಲೆ ಮುತ್ತು ಹೆಕ್ಕಲು ಸಮುದ್ರಕ್ಕೆ ಇಳಿಸುತ್ತಿದ್ದ ಜೀತದಾಳಿನ ಹಳೇ ಫೋಟೋ. ಸೊಂಟಕ್ಕೆ ಹಗ್ಗ. ಇಸ್ಮಾಯಿಲ್ ಅದರ ಮುಂದೆ ನಿಂತವನು ಅಲ್ಲಾಡಲಿಲ್ಲ.

"ಭಾವಾ, ನಡೀ. ಸೂಕ್ ಬಜಾರದಾಗ ಚಾ ಕುಡ್ಯೂಣು."

"ಇಲ್ನೋಡ ರಾಫೆಲಾ. ನಮ್ಮಪ್ಪನ ಮಾರಿ."

ನಿಜ. ಅದೇ ಗಲ್ಲ, ಅದೇ ಸಿಡುಕಿನ ಹುಬ್ಬು. ಅಲ್ಲಿದ್ದ ಕೀನ್ಯಾದ ಗಾರ್ಡ್ ಹತ್ತಿರ ಬಂದು ಪ್ರೀತಿಯಿಂದ ಕೇಳಿದ, ಬ್ರದರ್, ಎಲ್ಲಿಯವರು ಎಂದು.

"ಹಳಿಯಾಳ," ಅಂದ ಇಸ್ಮಾಯಿಲ್.

"ಆಫ್ರಿಕಾದಲ್ಲಿ ಅದು ಯಾವ ಕಡೆ?"

"ಧಾರವಾಡದ ಆ ಕಡೆ."

ಗಾರ್ಡ್ ಗಂಭೀರವಾಗಿ ತಲೆಯಾಡಿಸಿದ. ಹೊರಗೆ ಬಂದು ಇಬ್ಬರೂ ಗೋಡೆಗೆ ಒರಗಿ ಕಣ್ಣೀರು ಬರುವ ತನಕ ನಕ್ಕರು. ಇಸ್ಮಾಯಿಲ್ ಹಾಗೆಯೇ. ಒಂದು ರಾಜ್ಯೋತ್ಸವದ ಬಾಗಿಲಲ್ಲಿ ವಾಲಂಟಿಯರ್ ಒಬ್ಬ ತಡೆದು ಇಂಗ್ಲಿಷಿನಲ್ಲಿ ಇದು ಕನ್ನಡದವರ ಕಾರ್ಯಕ್ರಮ ಎಂದಾಗ, "ಯಾಕ್ರೀ ಸಾಹೇಬ್ರ, ಕನ್ನಡದಾಗ ಬೈದ್ರ ಒಳಗ ಬಿಡ್ತೀರೇನು?" ಎಂದು ಕೇಳಿದವನು. ಆಗ ಒಳಗೆ ಬಿಟ್ಟರು. ಆದರೆ ಊಟದ ಸಾಲಿನಲ್ಲಿ ಒಬ್ಬರು, ಮುಂದಿನ ವರ್ಷ ಸೊಪ್ಪು ಕಟ್ಟಿಕೊಂಡು ನಿಮ್ಮ ಆಫ್ರಿಕನ್ ಡ್ಯಾನ್ಸ್ ಮಾಡಿ ಎಂದರು. ಅವತ್ತು ಇಸ್ಮಾಯಿಲ್ ತಟ್ಟೆ ಇಟ್ಟು ಎದ್ದು ಬಂದಿದ್ದ.

ಮ್ಯೂಸಿಯಂನಿಂದ ಬಂದ ದಿನ ಸಂಜೆ ಸಮುದ್ರದ ದಂಡೆಯಲ್ಲಿ ಕೂತಾಗ ನಗು ಇಳಿದಿತ್ತು.

"ನಮ್ಮ ಹಡಗಜ್ಜಿ ಇದ ನೀರಾಗ ಬಂದಿರಬೇಕಲೇ. ಆಕೀನ್ನ ಹಗ್ಗ ಕಟ್ಟಿ ತಂದ್ರು. ನಾವು ನಮ್ಮ ಕಾಲಿಂದ ನಡದ ಬಂದು ನಾವ ಬೆಲ್ಟ ಕಟ್ಕೊಂಡ್ವಿ."

"ಹೊಟ್ಟಿ ಸಲುವಾಗಿ, ಭಾವಾ."

"ಹೂಂ. ನನಗ ಇಬ್ಬರೂ ಹೆಣ್ಣಮಕ್ಕಳು. ಗಂಡಸ ಮಗ ಇದ್ದಿದ್ರ ಅವಗ ಹೇಳ್ತಿದ್ದೆ." ಇಸ್ಮಾಯಿಲ್ ಒಂದು ಕಲ್ಲು ಎತ್ತಿ ನೀರಿಗೆ ಎಸೆದ. "ಆಕೀನ್ನ ಹಿಂದಕ್ಕ ಕರಿಯಾಕ ಯಾರೂ ಬರ್ಲಿಲ್ಲ ನೋಡು. ಆಕೀ ಊರಾಗೂ ಯಾರರೆ ದಿನಾ ಬಾಗಲಾ ತಗದ ನೋಡಿರಬೇಕು. ನಂದೇನರೆ ಹೆಚ್ಚುಕಮ್ಮಿ ಆತಂದ್ರ, ರಾಫೆಲಾ, ನೀ ಬಂದ ಕರೀಬೇಕು. ಮರೀಬ್ಯಾಡ."

"ಹುಚ್ಚರಂಗ ಮಾತಾಡಬ್ಯಾಡ ಭಾವಾ. ಚಾಕ ನಡಿ."

*

ಖಬರಸ್ತಾನದ ಗೇಟಿನಲ್ಲಿ ನಿಯಾಝ್ ಇರಲಿಲ್ಲ. ನಮಾಜ್ ಮುಗಿದಿತ್ತು. ಬಿಳಿ ಧೂಳಿನಲ್ಲಿ ಡೋಲಿಗಳು ಒಂದರ ಹಿಂದೊಂದು ಹೊರಟಿದ್ದವು. ಸತ್ತವರನ್ನು ಹೊತ್ತವರು ಹೆಚ್ಚುಕಡಿಮೆ ಓಡುತ್ತಿದ್ದರು. ಯಾವುದು, ಯಾವುದು ಎಂದು ರಾಫೆಲ್ ಅತ್ತಿತ್ತ ನೋಡಿದ. ಎಲ್ಲ ಡೋಲಿಯೂ ಒಂದೇ. ಎಲ್ಲ ಬಟ್ಟೆಯೂ ಒಂದೇ.

ಆಗ ಒಂದು ಡೋಲಿಯ ಕೆಳಗೆ ಕಪ್ಪು ಮುಖಗಳು ಕಂಡವು. ಎತ್ತರದ, ಬಿಳಿ ಮುಂಡಾಸಿನ ಸುಡಾನಿಗಳು. ಇಸ್ಮಾಯಿಲನಿಗೆ ಕ್ಯಾಂಪಿನಲ್ಲಿ ಸುಡಾನಿ ಗೆಳೆಯರಿದ್ದರು. ಸುಡಾನಿ ಎನ್ನಿಸಿಕೊಂಡು ಎನ್ನಿಸಿಕೊಂಡು ಅವರ ಜೊತೆಗೇ ಊಟ ಮಾಡುತ್ತಿದ್ದ. ಅವರೇ ಬಂದಿದ್ದಾರೆ, ದೇವರೇ, ಬಂದಿದ್ದಾರೆ. ರಾಫೆಲನ ಗಂಟಲಿನಿಂದ ಇಷ್ಟು ವಾರ ಹೊರಡದ ದನಿ ಹೊರಟಿತು. ಅವನು ಅಳುತ್ತ ಓಡಿದ. ಅವರಲ್ಲೊಬ್ಬ ತಿರುಗಿ ನೋಡಿದ. ಅಳುವ ಕರಿಯ ಮುಖ ನೋಡಿ ಕೈ ಚಾಚಿದ.

"ಯಲ್ಲಾ ಯಾ ಝೋಲ್, ಯಲ್ಲಾ!" ಎಂದು, ಬೇಗ ಬಾರಪ್ಪ ಅಂತ ತಮ್ಮವರನ್ನು ಕರೆಯುವ ಹಾಗೆ ಕರೆದು, ರಾಫೆಲನ ಹೆಗಲನ್ನು ಡೋಲಿಯ ಕೆಳಗೆ ಸೇರಿಸಿದ.

ಭಾರ ಹೆಗಲಿಗೆ ಬಂತು. ಭಾವ ಇಷ್ಟು ಹಗುರವಾಗಿದ್ದನೇ? ಫ್ರಿಜ್ಜಿನಲ್ಲಿ ಒಣಗಿದನೇ? ಜೇಬಿನಲ್ಲಿ ಫೋನ್ ನಡುಗಿತು. ಯಾರು ನೋಡುತ್ತಾರೆ ಈಗ. ಗುಂಡಿಯ ಬಳಿ ಅವನ ಅಳು ನೋಡಿ ಉಳಿದವರು ದಾರಿ ಬಿಟ್ಟರು. ತಲೆದೆಸೆಯಲ್ಲೇ ನಿಲ್ಲಿಸಿದರು. ಯಾರೂ ಹೆಸರು ಕೇಳಲಿಲ್ಲ, ಧರ್ಮ ಕೇಳಲಿಲ್ಲ, ನೀನು ಯಾವ ನಮೂನೆ ನೆಂಟ ಎಂದು ಕೇಳಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಅವನ ಮುಖವೊಂದೇ ಸಾಕಾಯಿತು.

ಬಿಳಿ ಗಂಟು ಕೆಳಗಿಳಿಯಿತು. ಮಣ್ಣು ಬಿತ್ತು. ರಾಫೆಲ್ ಎರಡೂ ಕೈಯಿಂದ ಮಣ್ಣು ಸುರಿದ. ಗುಂಡಿ ತುಂಬಿದ ಮೇಲೆ ಮಂಡಿಯೂರಿ, ಬಲಗೈಯಲ್ಲಿ ಮುಷ್ಟಿ ಮಣ್ಣು ಹಿಡಿದು, ಬಾಗಿ, ಮೆಲ್ಲಗೆ ಕರೆದ.

"ಭಾವಾ. ಇಸ್ಮಾಯಿಲ್ ಭಾವಾ. ಏಳು. ಅಕ್ಕ ಬಾಗಲಾ ತಗದಾಳ. ಮನಿಗೆ ಹೋಗೂಣು ಬಾ."

ಎದ್ದ. ಮುಷ್ಟಿ ಎದೆಗೊತ್ತಿಕೊಂಡು ತಿರುಗಿದ. ಕೈ ಚಾಚಿದ್ದ ಆ ಸುಡಾನಿ ಎದುರಿಗೆ ಬಂದು ಅಪ್ಪಿಕೊಂಡ. ಅವನ ಗಡ್ಡ ಒದ್ದೆಯಾಗಿತ್ತು. ಕ್ಯಾಂಪುಗಳಲ್ಲಿ ಎಲ್ಲರೂ ಕಲಿಯುವ ಮುರುಕು ಹಿಂದಿಯಲ್ಲಿ ಕೇಳಿದ: "ನಾನು ಹಾಶಿಮ್. ನೀನು ನನ್ನ ಬಾಬಾನ ದೋಸ್ತಾ?"

ರಾಫೆಲನಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. 

"ಯಾರ ಬಾಬಾ?"

"ನನ್ನ ಬಾಬಾ, ಅಪ್ಪ. ಆದಂ." ಹಾಶಿಮ್ ಗದ್ದದಿಂದ ಗೋರಿಯ ಕಡೆ ತೋರಿಸಿದ. "ಇಲ್ಲಿಗೆ ನನ್ನ ನೋಡಲು ಬಂದಿದ್ದರು. ಅಲ್ಲಿ ಯುದ್ಧ, ಮನೆ ಸುಟ್ಟಿದ್ದಾರೆ. ಅಲ್ಲಿ ಅಳಲು ಯಾರೂ ಉಳಿದಿಲ್ಲ. ನೀನು ನನಗಿಂತ ಹೆಚ್ಚು ಅತ್ತೆ." ರಾಫೆಲನ ಬಿಗಿದ ಬಲ ಮುಷ್ಟಿಯ ಸಂದಿಯಲ್ಲಿ ಮಣ್ಣು ಕಂಡು ಅವನು ಏನು ತಿಳಿದುಕೊಂಡನೋ, ತನ್ನ ಎರಡೂ ಕೈಯಿಂದ ಆ ಮುಷ್ಟಿಯನ್ನು ಮುಚ್ಚಿ, ಗಟ್ಟಿಯಾಗಿ ಒತ್ತಿ, ಹಣೆಗೆ ಒತ್ತಿಕೊಂಡ.

"ರಾಫೆಲ್! ಏ ರಾಫೆಲ್!"

ಆಚೆ ಸಾಲಿನಿಂದ ಅಬ್ಬಾಸ್ ಸಾಹೇಬರು ಏದುಸಿರು ಬಿಡುತ್ತ ಬರುತ್ತಿದ್ದರು. ಹಿಂದೆ ಅವರ ಅಂಗಡಿಯ ಪಾಲುದಾರ ನಿಯಾಝ್.

"ಎಲ್ಲಿ ಸತ್ತಿದ್ದಿ ಮಾರಾಯ? ಫೋನ್ ಎತ್ತುದಿಲ್ಲ, ಏನಿಲ್ಲ! ಇಲ್ಲಿ ಯಾರ ಮಯ್ಯತಿಗೆ ನಿಂತಿದ್ದಿ ನೀನು?"

"ನಾನು ಗೇಟಿಗೆ ಸ್ವಲ್ಪ ತಡವಾಗಿ ಬಂದೆ ಅಬ್ಬಾಸಾಕ," ನಿಯಾಝ್ ಹೇಳಿದ. "ಕೆಲಸದ ಅಂಗಿ ಹಾಕಿದ ಕಪ್ಪು ಜನ ಒಬ್ಬ ಓಡಿದ್ದು ಕಂಡಿತು. ಸುಡಾನಿಗಳೊಟ್ಟಿಗೆ ಹೋದ ಅಲ್ವಾ, ಸುಡಾನಿಯೇ ಅಂತ..." ಅವನು ನೆಲ ನೋಡಿದ.

"ಭಾವಾ ಎಲ್ಲದಾನ್ರೀ?"

ಅಬ್ಬಾಸ್ ಸಾಹೇಬರು ಮುಂದೆ ನಡೆದರು. ಆಚೆ ಸಾಲಿನಲ್ಲಿ ಒಂದು ಗೋರಿಯ ಮೇಲೆ ನೀರು ಚಿಮುಕಿಸಿ ಆಗಿತ್ತು. ಸುತ್ತ ಯಾರೂ ಇರಲಿಲ್ಲ. ಮಣ್ಣು ಆಗಲೇ ಒಣಗತೊಡಗಿತ್ತು.

"ನಾವು ಎಷ್ಟು ಜನ ಇದ್ದದ್ದು? ನಾನು, ಇವ, ಮತ್ತೆ ನೀರಿನ ಟ್ಯಾಂಕರಿನವರು. ಪುಣ್ಯಾತ್ಮರು, ಕರೆದ ಕೂಡಲೇ ಇಳಿದು ಬಂದರು. ನಾನು ಆದಷ್ಟು ಮೆಲ್ಲ ಮಾಡಿದೆ. ನೀನು ಬರ್ತಿ ಅಂತ ಹಲಗೆ ಇಡುವಾಗಲೂ ತಿರುಗಿ ತಿರುಗಿ ನೋಡಿದೆ." ಮುದುಕರು ಗೋರಿ ತೋರಿಸಿದರು. "ಹಾಕು, ಈಗಲಾದರೂ ಹಾಕು. ಕೈಯಲ್ಲಿ ಮಣ್ಣು ಉಂಟಲ್ಲ."

ರಾಫೆಲ್ ಬಲ ಮುಷ್ಟಿಯನ್ನು ನೋಡಿದ. ಬಿಚ್ಚಿದರೆ ಆಚೆ ಗೋರಿಯ ಮುದುಕ, ಹಾಶಿಮನ ಅಪ್ಪ, ನಡುದಾರಿಯಲ್ಲಿ ನಿಲ್ಲುತ್ತಾನೆ. ಭಾವನ ಹೆಸರು ಹಿಡಿದು ಕರೆದದ್ದು ಅವನನ್ನು. ಎದ್ದು ಬಂದವನು ಯಾರೋ, ಇಲ್ಲಿ ಎದ್ದು ಕೂತವನು ಯಾರೋ. ಮನೆ ಸುಟ್ಟುಹೋದ ಮುದುಕನಿಗೆ ಹಿಂದೆ ಹೋಗಲೂ ಮನೆಯಿಲ್ಲ.

"ಸಾಹೇಬ್ರ, ಒಬ್ಬಾಂವ ಇಬ್ಬರನ್ನ ಕರೀಬಹುದೇನ್ರೀ?"

"ಎಂಥದ್ದು?"

ಉತ್ತರ ಹೇಳಬಲ್ಲವರು ಜಗುಲಿಯ ಮೇಲೆ ಸಾಲಾಗಿ ಕೂತಿದ್ದರು, ಸಮುದ್ರದ ಆಚೆ. ರಾಫೆಲ್ ಮಂಡಿಯೂರಿ ಬಾಗಿದ. ಅಂಗಿಯ ಒಳಗಿನಿಂದ ಶಿಲುಬೆ ಜಾರಿ ಹೊರಗೆ ಬಂದು ಗೋರಿಯ ಮೇಲೆ ತೂಗಾಡಿತು. ನಿಯಾಝ್ ಬೇರೆ ಕಡೆ ತಿರುಗಿದ. ಎಡಗೈಯಿಂದ ತಲೆದೆಸೆಯ ಒದ್ದೆ ಮಣ್ಣು ಕೆದರಿ ಮುಷ್ಟಿ ಕಟ್ಟಿ ಕರೆಯಹೋದರೆ ಬಾಯಿಗೆ ಮಾತು ಬರಲಿಲ್ಲ. ಇದ್ದ ದನಿಯೆಲ್ಲ ಆಚೆ ಗೋರಿಯಲ್ಲಿ ಖರ್ಚಾಗಿತ್ತು. ತುಟಿ ಅಲ್ಲಾಡಿತು, ಅಷ್ಟೇ. ಮಣ್ಣಿನ ಕೆಳಗೆ ಅದು ಕೇಳಿಸಿತೋ ಇಲ್ಲವೋ.

ಎದ್ದು, ಎರಡು ಮುಷ್ಟಿಗಳನ್ನೂ ಎದೆಗೆ ಹಿಡಿದು, ತಿರುಗಿ ನೋಡದೆ ಗೇಟಿನ ಕಡೆ ನಡೆದ. ಪಂಚೆಯ ತುಂಡು ಜೇಬಿನಲ್ಲಿತ್ತು. ಅದನ್ನು ತೆಗೆಯಲು ಒಂದು ಕೈ ಬೇಕು.

ಫೋನ್ ಹೊಡೆದುಕೊಳ್ಳತೊಡಗಿತು. ತೆಳ್ಳಗಿನ ಅಂಗಿಯ ಜೇಬಿನೊಳಗೆ ಬೆಳಕು ಮಿನುಗಿತು. ಪರದೆಯ ಮೇಲೆ ಅಕ್ಕನ ಮುಖ.

"ಕೈ ಬಿಚ್ಚು ಮಾರಾಯ," ಹಿಂದಿನಿಂದ ಅಬ್ಬಾಸ್ ಸಾಹೇಬರು ಹೇಳಿದರು. "ಅವಳಿಗೆ ಏನಾದರೂ ಹೇಳು."

ಗಾಳಿ ಎದ್ದಿತ್ತು. ಎಡಗೈಯ ಒದ್ದೆ ಮಣ್ಣು ಹಿಡಿತದಲ್ಲಿ ನಿಂತಿತ್ತು. ಬಲಗೈಯದು ಒಣಮಣ್ಣು, ಎಷ್ಟು ಬಿಗಿದರೂ ಬೆರಳ ಸಂದಿಯಿಂದ ಸೋರುತ್ತಿರುವುದು ಹೆಜ್ಜೆ ಹೆಜ್ಜೆಗೂ ತಿಳಿಯುತ್ತಿತ್ತು. ರಾಫೆಲ್ ಇನ್ನೂ ಬಿಗಿದ. ಉಗುರು ಅಂಗೈಗೆ ನಟ್ಟವು. ಜೇಬಿನಲ್ಲಿ ರೋಜಿನ್ ಕರೆಯುತ್ತಲೇ ಇದ್ದಳು.